ಸತ್ತವರ ಹೆಸರು ಹೇಳುವ ಪಾಠ

ಜೆ.ಪಿ. ನಗರದ ಒಂದು ಖಾಸಗಿ ಶಾಲೆಯಲ್ಲಿ ನಾನು ಒಂಬತ್ತನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಅದರ ಜೊತೆಗೆ ವಾರಕ್ಕೆರಡು ಪೀರಿಯಡ್ ‘ಜಗತ್ತಿನ ನಂಬಿಕೆಗಳು’ ಎಂಬ ಪಾಠವೂ ನನ್ನ ಪಾಲಿಗೆ ಬಂದಿತ್ತು. ಪರೀಕ್ಷೆಯಿಲ್ಲದ ವಿಷಯ ಅಂತ ಬೇರೆ ಯಾರೂ ಅದನ್ನು ಕೇಳಿರಲಿಲ್ಲ. ನನಗೆ ಮಾತ್ರ ಅದು ತುಂಬಾ ಇಷ್ಟ. ಹನುಮಂತನಗರದ ಮನೆಯಿಂದ ಬಸ್ಸಿನಲ್ಲಿ ಬರುವಾಗ, ಇವತ್ತು ಮಕ್ಕಳು ಏನು ಕೇಳಬಹುದು, ನಾನು ಏನು ಹೇಳಬಹುದು ಎಂದು ಯೋಚಿಸುತ್ತಾ ಇಳಿಯುವ ಸ್ಟಾಪು ದಾಟಿ ಹೋದದ್ದೂ ಉಂಟು.

ಆ ವರ್ಷ ಸೆಪ್ಟೆಂಬರಿನಲ್ಲಿ ಬಂದದ್ದು ಆಧುನಿಕ ಪೇಗನ್ ಪಂಥಗಳನ್ನು ಕಟ್ಟಿದವರ ಪಾಠ. ನಮ್ಮದು ಇಂಗ್ಲಿಷ್ ಮಾಧ್ಯಮವಾದರೂ ಕಷ್ಟದ ವಿಷಯ ಬಂದಾಗ ನಾನು ಕನ್ನಡಕ್ಕೆ ಹೊರಳುತ್ತೇನೆ. ಪೇಗನ್ ಎಂಬುದಕ್ಕೆ ನಿಘಂಟಿನಲ್ಲಿ ಸಿಕ್ಕ ಮಾತುಗಳೆಲ್ಲ ಬೈಗುಳದ ಹಾಗಿದ್ದವು. ಕೊನೆಗೆ ನೇರವಾಗಿ ಹೇಳಿಬಿಟ್ಟೆ. ಯುರೋಪಿನಲ್ಲಿ ಚರ್ಚು ಬರುವ ಮುಂಚೆ ಜನ ಮರ, ಮಣ್ಣು, ಚಂದ್ರ, ಹಳೆಯ ಹಲವು ದೇವರುಗಳನ್ನು ಪೂಜಿಸುತ್ತಿದ್ದರು. ಅದೆಲ್ಲ ಅಳಿಸಿಹೋಗಿತ್ತು. ನಮ್ಮ ಅಜ್ಜಿ ತಾತಂದಿರ ಕಾಲದಲ್ಲಿ ಕೆಲವರು ಅದನ್ನು ಮತ್ತೆ ಕರೆತಂದರು. ಈ ಪಾಠ ಆ ಕೆಲವರ ಬಗ್ಗೆ.

ಮಕ್ಕಳಿಗೆ ಅವರ ಹೆಸರುಗಳು ನಾಲಿಗೆಗೆ ಹತ್ತಲಿಲ್ಲ. ಹಾಗಾಗಿ ತಾವೇ ಹೆಸರಿಟ್ಟರು. ಇಂಗ್ಲೆಂಡಿನಲ್ಲಿ ಮೊದಲು ಇಂಥದ್ದೊಂದು ಪೂಜೆ ಉಳಿದಿದೆ ಎಂದು ಪುಸ್ತಕ ಬರೆದ ಮುದುಕ ‘ಗಡ್ಡದ ತಾತ’ ಆದ. ಅವನ ಜೊತೆ ಸೇರಿ ಪೂಜೆಯ ಮಾತುಗಳನ್ನು ಚೆಂದ ಮಾಡಿ ಬರೆದು, ಆಮೇಲೆ ಅವನೊಂದಿಗೆ ಮುನಿಸಿಕೊಂಡು ಹೊರಬಂದ ಹೆಂಗಸು ‘ಜಗಳದ ಆಂಟಿ’. ಹಿಮದ ದ್ವೀಪವೊಂದರಲ್ಲಿ ಕುರಿ ಸಾಕಿಕೊಂಡು, ಹಾಡು ಕಟ್ಟಿಕೊಂಡು, ನಮ್ಮ ಹಳೆಯ ದೇವರುಗಳಿಗೂ ಮಾನ್ಯತೆ ಕೊಡಿ ಎಂದು ಸರ್ಕಾರವನ್ನು ಕೇಳಿದವನು ‘ಕುರಿ ಅಂಕಲ್’. ಆ ಅಂಕಲ್ ಎಂದರೆ ಇಡೀ ತರಗತಿಗೆ ಪ್ರೀತಿ.

ಗಡ್ಡದ ತಾತ ಆ ಪೂಜೆಯನ್ನು ಹುಡುಕಿ ತೆಗೆದನೋ, ಅಲ್ಲಿಂದಿಲ್ಲಿಂದ ಆಯ್ದು ತಾನೇ ಕಟ್ಟಿದನೋ ಎಂಬ ವಾದ ಇನ್ನೂ ಮುಗಿದಿಲ್ಲ ಎಂದು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಹಂಗಾದ್ರೆ ಡುಪ್ಲಿಕೇಟಾ ಮಿಸ್?” ಎಂದು ಕೇಳಿದ.

“ಯಾವ ಪೂಜೆನಾದ್ರೂ ಯಾರೋ ಒಬ್ರು ಮೊದಲ್ನೇ ಸಲ ಮಾಡಿರ್ಲೇಬೇಕಲ್ಲಪ್ಪ,” ಎಂದೆ. ಅವನು ಅದನ್ನು ತುಂಬಾ ಹೊತ್ತು ಯೋಚಿಸಿದ. ಅಂಥ ಹೊತ್ತಿಗಾಗಿಯೇ ನಾನು ಆ ಪಾಠ ಮಾಡುತ್ತಿದ್ದೆ.

ನಾಲ್ಕನೆಯವಳು ಅಮೆರಿಕದವಳು. ಗುಂಪು ಕಟ್ಟಿಕೊಂಡು, ಕೈಕೈ ಹಿಡಿದು ವೃತ್ತವಾಗಿ ನಿಂತು ಮಾಡುವ ಪೂಜೆಯನ್ನು ಮನೆಯೊಳಗಿನಿಂದ ಬೀದಿಗೆ, ಪ್ರತಿಭಟನೆಗೆ ತಂದವಳು. ಮಕ್ಕಳು ಅವಳಿಗೆ ‘ರಸ್ತೆ ಅಕ್ಕ’ ಎಂದರು. ಅವಳ ಕಡೆಯವರು ವರ್ಷಕ್ಕೊಮ್ಮೆ, ಚಳಿಗಾಲ ಶುರುವಾಗುವ ಹೊತ್ತಿಗೆ ಒಟ್ಟಿಗೆ ಸೇರಿ ಆ ವರ್ಷ ಸತ್ತ ತಮ್ಮವರ ಹೆಸರುಗಳನ್ನು ಗಟ್ಟಿಯಾಗಿ ಹೇಳುತ್ತಾರೆ. ವೃತ್ತದ ನಾಲ್ಕು ದಿಕ್ಕಿನಲ್ಲಿ ಮಣ್ಣು, ನೀರು, ಬೆಂಕಿ, ಧೂಪ ಇಡುತ್ತಾರೆ. ಪುರೋಹಿತ ಬೇಕೆಂದಿಲ್ಲ, ಹೆಂಗಸರು ಮಾಡಬಾರದೆಂದಿಲ್ಲ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದೆ.

ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳು ಕೈಯೆತ್ತಿದಳು. ಅವಳು ಜರಗನಹಳ್ಳಿಯವಳು. ಅವರ ತಾತನ ಕಾಲದಲ್ಲಿ ಹೊಲವಾಗಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಮನೆ. ಕೆಳಗೆ ಅಪ್ಪನ ಹಾರ್ಡ್‌ವೇರ್ ಅಂಗಡಿ, ಮೇಲೆಲ್ಲ ಬಾಡಿಗೆಯವರು. ಅವಳು ಚೆನ್ನಾಗಿ ಓದುತ್ತಿದ್ದಳು, ಆದರೆ ಪಾಠದ ನಡುವೆ ಬಾಯಿ ಬಿಟ್ಟದ್ದನ್ನು ನಾನು ನೋಡಿರಲಿಲ್ಲ.

“ಯಾರು ಬೇಕಾದ್ರೂ ಹೆಸರು ಹೇಳಬಹುದಾ ಮಿಸ್?”

“ಅವರ ಪದ್ಧತೀಲಿ ಹೇಳಬಹುದು.”

“ಮನೆಯವರು ಬೇಡ ಅಂದ್ರೂ?”

ಇಡೀ ತರಗತಿ ಅವಳ ಕಡೆ ತಿರುಗಿತು. ಅವಳು ಪೆನ್ನಿನ ಮುಚ್ಚಳ ಕಚ್ಚುತ್ತಾ ಬೋರ್ಡನ್ನೇ ನೋಡುತ್ತಿದ್ದಳು.

“ಸತ್ತವರು ನಮಗೆ ಬೇಕಾದವರಾಗಿದ್ರೆ ಹೇಳಬಹುದು ಅಂತಾರೆ ಅವರು,” ಎಂದೆ. ಅವಳು ತಲೆಯಾಡಿಸಿದಳು. ಬೆಲ್ಲು ಹೊಡೆಯಿತು.

ಅದಾಗಿ ಕೆಲವೇ ದಿನಕ್ಕೆ ಮಹಾಲಯ ಅಮಾವಾಸ್ಯೆ. ಮಾರನೇ ದಿನ ಅರ್ಧದಷ್ಟು ಮಕ್ಕಳು ಬಂದಿರಲಿಲ್ಲ. ಬಂದವರು ಮನೆಯಲ್ಲಿ ಉಳಿದ ವಡೆ ತಂದಿದ್ದರು. ಊಟದ ಬಿಡುವಿನಲ್ಲಿ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಹೊರಗೆ ಕರೆದುಕೊಂಡು ಹೋಗಿ, ನೀರಿನ ಟ್ಯಾಂಕಿನ ಪಕ್ಕದ ಕಟ್ಟೆಯ ಮೇಲೆ ಕೂರಿಸಿದೆ.

“ನಾನು ಹೇಳಿದೆ ಮಿಸ್,” ಎಂದಳು.

“ಏನು ಹೇಳಿದೆ?”

“ಅಮ್ಮನ ಹೆಸರು.”

ಅಮ್ಮ ಇಲ್ಲ ಎಂಬುದು ಮಾತ್ರ ನನಗೆ ಗೊತ್ತಿತ್ತು. ಉಳಿದದ್ದು ಅವತ್ತು ತಿಳಿಯಿತು. ಇವಳು ಚಿಕ್ಕವಳಿರುವಾಗಲೇ ಅಮ್ಮ ಮನೆ ಬಿಟ್ಟು ಹೋಗಿದ್ದಳು. ಯಾಕೆ ಅಂತ ಇವಳಿಗೆ ಯಾರೂ ಹೇಳಿಲ್ಲ. ಮಡಿವಾಳದಲ್ಲಿ ಒಂದು ರೂಮು ಮಾಡಿಕೊಂಡು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದಳಂತೆ. ಆಗಾಗ ಶಾಲೆಯ ಗೇಟಿನ ಹತ್ತಿರ ಬಂದು, ಬೇಕರಿಯಿಂದ ತಂದ ಖಾರದ ಬನ್ ಕೊಟ್ಟು, ಮಾತಾಡಿಸಿಕೊಂಡು ಹೋಗುತ್ತಿದ್ದಳು. ಕೊರೊನಾದ ಎರಡನೇ ಅಲೆಯಲ್ಲಿ ಆಸ್ಪತ್ರೆ ಸೇರಿದವಳು ವಾಪಸ್ಸು ಬರಲಿಲ್ಲ. ಆಸ್ಪತ್ರೆಯಿಂದ ಅಪ್ಪನಿಗೆ ಫೋನು ಬಂತು. ಅಪ್ಪ ಹೋಗಲಿಲ್ಲ. ದೇಹವನ್ನು ಯಾರು ಸುಟ್ಟರು, ಎಲ್ಲಿ ಸುಟ್ಟರು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಅಥವಾ ಗೊತ್ತಿದ್ದರೂ ಹೇಳುವುದಿಲ್ಲ.

ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಅವರ ಮನೆಯಲ್ಲಿ ಸಾಲಾಗಿ ಬಾಳೆಲೆ ಹಾಕಿ ಎಡೆ ಇಡುತ್ತಾರೆ. ತಾತನಿಗೆ ಮಾಂಸದ ಸಾರು, ಮುದ್ದೆ, ಪಕ್ಕದಲ್ಲಿ ಬೀಡಿ. ಸಣ್ಣ ವಯಸ್ಸಿನಲ್ಲಿ ಹೋದ ಚಿಕ್ಕಪ್ಪನಿಗೆ ಹೊಸ ಷರಟು. ಅಮ್ಮನಿಗೆ ಎಲೆ ಇರುವುದಿಲ್ಲ.

“ಎಲ್ರೂ ಊಟಕ್ಕೆ ಕೂತಾಗ ನಾನು ಟೆರೇಸಿಗೆ ಹೋದೆ ಮಿಸ್. ನೀವು ಬರೆದಿದ್ರಲ್ಲ, ಹಂಗೇ ರೌಂಡ್ ಹಾಕ್ದೆ. ರಂಗೋಲಿ ಪುಡೀಲಿ. ಕುಂಡದಿಂದ ಮಣ್ಣು ತಗೊಂಡೆ, ನೀರು ಇಟ್ಟೆ, ದೀಪ ಹಚ್ಚಿದೆ, ಊದುಬತ್ತಿ. ಖಾರದ ಬನ್ ಸಂಜೆನೇ ತಂದಿಟ್ಟಿದ್ದೆ.”

“ಆಮೇಲೆ?”

“ಮೂರು ಸಲ ಹೆಸರು ಹೇಳಿದೆ. ಗಟ್ಟಿಯಾಗಿ. ಅಷ್ಟೇ.” ನನ್ನ ಕಡೆ ತಿರುಗಿ ಕೇಳಿದಳು, “ಅಮ್ಮನಿಗೆ ಕೇಳಿಸಿರುತ್ತಾ ಮಿಸ್?”

ನಾನು ದೇವರನ್ನು ಅಷ್ಟಾಗಿ ನಂಬಿದವಳಲ್ಲ. ಆದರೂ ಕೇಳಿಸಿರುತ್ತೆ ಎಂದೆ. ಆಗ ಅವಳು ನಕ್ಕಳು. ಆ ನಗುವನ್ನು ನಾನು ಮೊದಲ ಸಲ ನೋಡಿದೆ, ಕೊನೆಯ ಸಲವೂ ಅದೇ.

ಅವಳು ನನ್ನೊಂದಿಗೆ ಕಟ್ಟೆಯ ಮೇಲೆ ಕೂತಿದ್ದ ಹೊತ್ತಿಗೇ ಅವರ ಮನೆಯಲ್ಲಿ ಗಲಾಟೆ ಶುರುವಾಗಿತ್ತು. ಮೂರನೇ ಮಹಡಿಯ ಬಾಡಿಗೆಯ ಹೆಂಗಸು ಒಗೆದ ಬಟ್ಟೆ ಹರವಲು ಟೆರೇಸಿಗೆ ಹೋಗಿದ್ದಾಳೆ. ಬಿಳಿ ವೃತ್ತ, ಮಣ್ಣು, ಆರಿದ ದೀಪ, ಕಾಗೆ ಕುಕ್ಕಿದ ಬನ್ ಎಲ್ಲವನ್ನೂ ಫೋಟೋ ತೆಗೆದು ಬಾಡಿಗೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದಾಳೆ. ಅಮಾವಾಸ್ಯೆ ರಾತ್ರಿ ಯಾರೋ ಮಾಟ ಮಾಡಿಸಿದ್ದಾರೆ ಎಂಬ ಸುದ್ದಿ ಮಧ್ಯಾಹ್ನದೊಳಗೆ ಬೀದಿಗೆಲ್ಲ ಹರಡಿದೆ. ಒಬ್ಬ ಬಾಡಿಗೆಯವನ ಹೆಂಡತಿ ಬಸುರಿ. ಅವರು ಆ ದಿನವೇ ತವರಿಗೆ ಹೊರಟುಬಿಟ್ಟರಂತೆ. ಸಂಜೆ ಮನೆಗೆ ಹೋದ ಹುಡುಗಿಯನ್ನು ಕೇಳಿದ್ದಾರೆ. ಅವಳು ಸುಳ್ಳು ಹೇಳಲಿಲ್ಲ.

ಎರಡು ದಿನ ಬಿಟ್ಟು ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ರೂಮಿನಲ್ಲಿ ಹುಡುಗಿಯ ಅಪ್ಪ, ಅಪ್ಪನ ಅಕ್ಕ, ಗೋಡೆಗೆ ಒರಗಿ ನಿಂತ ಹುಡುಗಿ. ಅವಳ ಕೈಗೆ ಹೊಸ ತಾಯಿತ ಕಟ್ಟಿದ್ದರು. ಅಪ್ಪ ದಪ್ಪ ಮೀಸೆಯ, ಮಾತು ಕಡಿಮೆಯ ಮನುಷ್ಯ. ಮಾತೆಲ್ಲ ಅತ್ತೆಯದೇ.

“ಮಂಡಲ ಬರೆದು ಮಣ್ಣು ಇಟ್ಟಿದಾಳೆ ಸಾರ್. ಯಾರು ಹೇಳ್ಕೊಟ್ರು ಅಂದ್ರೆ ಮಿಸ್ಸು ಅಂತಾಳೆ. ಫೀಸ್ ಕಟ್ಟಿ ಕಳಿಸೋದು ಇದಕ್ಕಾ?”

ನಾನು ಪಾಠದ ವಿಷಯ ವಿವರಿಸಿದೆ. ಇದು ಬೇರೆ ದೇಶದ ಜನರ ನಂಬಿಕೆ, ಮಾಡಿ ಎಂದು ನಾನು ಯಾರಿಗೂ ಹೇಳಿಲ್ಲ, ಹೀಗೆ ಮಾಡುವವರಿದ್ದಾರೆ ಎಂದಷ್ಟೇ ಹೇಳಿದ್ದು ಎಂದೆ. ಇಂಗ್ಲಿಷಿನಲ್ಲಿ ಅದನ್ನು ಮಾಡುವವರನ್ನು ಏನಂತಾರೆ ಎಂದು ಅತ್ತೆ ಕೇಳಿದರು. ಫೋನಿನಲ್ಲಿ ಯಾರೋ ಅವರಿಗೆ ತೋರಿಸಿದ್ದರು.

“ವಿಚ್ ಅಂತ ತಾನೇ? ಮಾಟಗಾತಿ ಅಂತ ತಾನೇ?”

“ಆ ಪದ ಅವರೇ ಇಟ್ಟುಕೊಂಡಿದ್ದು. ನೀವು ಅಂದ್ಕೊಂಡಿರೋ ಅರ್ಥದಲ್ಲಿ ಅಲ್ಲ,” ಎಂದೆ. ಹೇಳುವಾಗಲೇ ಅದು ಯಾರ ಕಿವಿಗೂ ಹೋಗುತ್ತಿಲ್ಲ ಎಂದು ಗೊತ್ತಾಯಿತು. ಗಡ್ಡದ ತಾತ, ಜಗಳದ ಆಂಟಿ, ಇವರೆಲ್ಲ ತಮ್ಮ ಜೀವಮಾನವಿಡೀ ಇದೇ ಮಾತನ್ನು ಹೇಳುತ್ತಾ ಕಳೆದವರು. ಆ ಪಾಠವನ್ನು ಎಷ್ಟೋ ವರ್ಷ ಓದಿದ್ದೆ. ಹಾಗೆ ಹೇಳಿ ಸಾಕಾಗುವುದು ಎಂದರೇನು ಎಂದು ಮಾತ್ರ ಆ ರೂಮಿನಲ್ಲಿ ತಿಳಿಯಿತು.

ಆಗ ನಾನು ಅಪ್ಪನ ಕಡೆ ತಿರುಗಿ, “ಸಾರ್, ಅವಳು ಯಾರಿಗೂ ಕೆಟ್ಟದ್ದು ಮಾಡಿಲ್ಲ. ಅವರಮ್ಮನಿಗೆ ಎಡೆ ಇಟ್ಟಿದಾಳೆ. ಅಷ್ಟೇ,” ಎಂದೆ.

ಅಪ್ಪ ತಲೆ ತಗ್ಗಿಸಿ ಮೇಜಿನ ಅಂಚು ನೋಡತೊಡಗಿದರು. ಒಂದು ಸಲ ತಲೆಯೆತ್ತಿ ಮಗಳ ಕಡೆ ನೋಡಿದರು. ಇನ್ನೊಂದು ಕ್ಷಣ ಹಾಗೇ ಬಿಟ್ಟಿದ್ದರೆ ಅವರು ಏನಾದರೂ ಹೇಳುತ್ತಿದ್ದರು ಎಂದು ನಾನು ಇವತ್ತಿಗೂ ಅಂದುಕೊಳ್ಳುತ್ತೇನೆ. ಆದರೆ ಅತ್ತೆ ಬಿಡಲಿಲ್ಲ.

“ಅವಳಿಗೆ ಅಮ್ಮ ಇಲ್ಲ,” ಎಂದರು. “ಸಾಕಿದ್ದು ನಾವು. ಹಾಲು ಕುಡಿಸಿ, ಜಡೆ ಹಾಕಿ, ಜ್ವರ ಬಂದ್ರೆ ಎದ್ದು ಕೂತಿದ್ದು ನಾನು. ಬಿಟ್ಟು ಹೋದೋಳಿಗೆ ಎಂಥ ಎಡೆ?”

ಅವರ ಕಣ್ಣಲ್ಲೂ ನೀರಿತ್ತು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಗೋಡೆಯ ಹತ್ತಿರ ಹುಡುಗಿ ತಾಯಿತವನ್ನು ತಿರುಗಿಸುತ್ತಾ ನಿಂತಿದ್ದಳು, ಯಾರನ್ನೂ ನೋಡುತ್ತಿರಲಿಲ್ಲ.

ಹೊರಡುವಾಗ ಕಾರಿಡಾರಿನಲ್ಲಿ ಅಪ್ಪ ಹಿಂದೆ ಉಳಿದರು.

“ಮೇಡಂ, ನಿಮಗೆ ಮಕ್ಕಳಿದಾರಾ?”

“ಇಲ್ಲ ಸಾರ್.”

“ಹಂಗಾದ್ರೆ ಬಿಡಿ,” ಎಂದು ಮೆಟ್ಟಿಲಿಳಿದು ಹೋದರು.

ಪ್ರಿನ್ಸಿಪಾಲರು ಕೆಟ್ಟವರಲ್ಲ. ನನಗೆ ಕಾಫಿ ತರಿಸಿದರು. “ಪಾಠದಲ್ಲಿ ತಪ್ಪಿಲ್ಲ ಅಂತ ನನಗೂ ಗೊತ್ತು. ಆದ್ರೆ ಇನ್ನೂ ನಾಲ್ಕು ಜನ ಪೇರೆಂಟ್ಸ್ ಫೋನ್ ಮಾಡಿದಾರೆ. ಒಬ್ರು ನಮ್ಮ ಧರ್ಮ ಹಾಳಾಗುತ್ತೆ ಅಂತಾರೆ, ಇನ್ನೊಬ್ರು ಚರ್ಚಿಗೆ ಹೋಗೋರು, ಅವರಿಗೂ ಇದು ಸೈತಾನನ ಕೆಲಸವಂತೆ. ಎರಡೂ ಕಡೆಯೋರು ಒಂದೇ ಮಾತು ಹೇಳ್ತಿದಾರೆ ಮೇಡಂ, ನಾನೇನು ಮಾಡ್ಲಿ?”

ಮುಂದಿನ ವಾರದಿಂದ ಆ ಎರಡು ಪೀರಿಯಡ್‌ಗಳು ಕೆರಿಯರ್ ಗೈಡೆನ್ಸ್ ಆದವು. ಯಾವುದೋ ಕೋಚಿಂಗ್ ಸಂಸ್ಥೆಯಿಂದ ಒಬ್ಬ ಟೈ ಕಟ್ಟಿಕೊಂಡು ಬಂದು ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗಳ ಬಗ್ಗೆ ಮಾತಾಡಿದ. ಕಿಟಕಿ ಪಕ್ಕದ ಬೆಂಚು ಖಾಲಿಯಿತ್ತು. ಮಕ್ಕಳಲ್ಲಿ ಒಬ್ಬಳು ಬಂದು, “ಕುರಿ ಅಂಕಲ್ ಕೇಳಿದ್ದಕ್ಕೆ ಸರ್ಕಾರ ಒಪ್ಕೊಳ್ತಾ ಮಿಸ್?” ಎಂದು ಮೆಲ್ಲಗೆ ಕೇಳಿದಳು. ಒಪ್ಪಿಕೊಂಡಿತು ಎಂದೆ. ಅವಳಿಗೆ ಖುಷಿಯಾಯಿತು. ಅದೇ ದಿನ ಮೆಟ್ಟಿಲ ಮೇಲೆ ಎಂಟನೇ ಕ್ಲಾಸಿನ ಹುಡುಗರು ನನ್ನನ್ನು ನೋಡಿ ಗುಸುಗುಸು ಅಂದರು. “ಮಾಟದ ಮಿಸ್ ಬಂದ್ರು ಮಗಾ” ಎಂಬುದು ಸ್ಪಷ್ಟವಾಗಿಯೇ ಕೇಳಿಸಿತು.

ದಸರಾ ರಜೆಯಲ್ಲಿ ನಾನು ಜರಗನಹಳ್ಳಿಗೆ ಹೋದೆ. ಹೋಗಬೇಡ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದ್ದರು. ಹುಡುಗಿ ವಾಪಸ್ಸು ಬರುವ ಹಾಗೆ ಮಾಡಬೇಕು, ಬೇಕಾದರೆ ನಾನು ಅವಳ ಕ್ಲಾಸಿಗೆ ಹೋಗುವುದಿಲ್ಲ ಎಂದು ಹೇಳಿಬಿಡಬೇಕು ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಕನಕಪುರ ರಸ್ತೆಯ ಸದ್ದು ಒಂದು ತಿರುವಿಗೇ ನಿಂತುಹೋಗುವ ಹಳೆಯ ಓಣಿ. ಅಂಗಡಿ ಬಾಗಿಲು ಹಾಕಿತ್ತು. ಅತ್ತೆ ಗೇಟಿನ ಒಳಗಿನಿಂದಲೇ, “ಹಾಸ್ಟೆಲಿಗೆ ಸೇರಿಸಿದ್ವಿ. ತುಮಕೂರು ಕಡೆ. ನೀವು ದಯವಿಟ್ಟು ಬರಬೇಡಿ,” ಎಂದು ಹೇಳಿ ಒಳಗೆ ಹೋದರು.

ನಾನು ಓಣಿಯ ತುದಿ ತಲುಪುವಷ್ಟರಲ್ಲಿ ಹಿಂದಿನಿಂದ ಯಾರೋ ಕರೆದಂತಾಯಿತು. ಹುಡುಗಿಯ ಅಜ್ಜಿ, ಬರಿಗಾಲಲ್ಲಿ, ಸೆರಗು ತಲೆಗೆ ಎಳೆದುಕೊಂಡು ಬರುತ್ತಿದ್ದರು. ಹತ್ತಿರ ಬಂದು ಮೊದಲು ಮನೆಯ ಕಡೆ ತಿರುಗಿ ನೋಡಿದರು.

“ಮೇಷ್ಟ್ರಮ್ಮಾರು ನೀವೇನಾ?”

“ಹೌದಮ್ಮ.”

“ಮಗೀನ್ ಮೇಲೆ ಬೇಜಾರ್ ಮಾಡ್ಕಬ್ಯಾಡಿ. ಅವಳು ನಿಮ್ಮನ್ನ ಬೈಲಿಲ್ಲ.” ಉಸಿರು ತೆಗೆದುಕೊಂಡರು. “ನಂಗೂ ಸೊಸೆ ಕಣವ್ವ ಅವಳು. ಈ ಸಲ ಒಂದ್ ಎಲೆ ಜಾಸ್ತಿ ತೊಳ್ದು ಇಟ್ಟಿದ್ದೆ. ಮಗ ನೋಡ್ದ. ಏನೂ ಅನ್ಲಿಲ್ಲ, ಎಲೆ ತಗಂಡು ಹಸೀಗೆ ಹಾಕ್ಬುಟ್ಟ.”

“ಹಸುಗೆ?”

“ಊಂ. ಆಮ್ಯಾಕೆ ಮೂಲೇಲಿ ಕೂತು ಅತ್ತ. ನಾನು ನೋಡ್ದೆ. ಅವನಿಗೆ ಗೊತ್ತಿಲ್ಲ ನಾನು ನೋಡಿದ್ದು.”

ಅಂದರೆ ಆ ರಾತ್ರಿ ಒಂದೇ ಮನೆಯಲ್ಲಿ ಮೂವರು ಒಬ್ಬಳಿಗಾಗಿ ಕಾದಿದ್ದರು. ಒಬ್ಬಳು ಟೆರೇಸಿನಲ್ಲಿ, ಒಬ್ಬರು ಅಡುಗೆಮನೆಯಲ್ಲಿ, ಒಬ್ಬ ಮೂಲೆಯಲ್ಲಿ. ನಾನು ಅಜ್ಜಿಯ ಕೈ ಹಿಡಿದುಕೊಂಡು, ಇದನ್ನು ಮಗನಿಗೆ ಹೇಳಿ, ಮೊಮ್ಮಗಳಿಗೆ ಹೇಳಿ, ಒಂದು ಮಾತು ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಬೇಡಿಕೊಂಡೆ. ಅವರು ಕೈ ಬಿಡಿಸಿಕೊಂಡರು.

“ನಾನ್ ಹೇಳುದ್ರೆ ಮಗಳು ಸುಮ್ಕಿರ್ತಾಳಾ? ಇರೋ ಒಬ್ಬಳು ಮಗಳೂ ಮುನಿಸ್ಕಂಡ್ರೆ ನಾನ್ ಎಲ್ಲಿಗೋಗ್ಲಿ? ನೀವು ಬಸ್ ಹತ್ಕಂಡು ಹೋಯ್ತೀರ.” ಬೈದ ಹಾಗಲ್ಲ, ಇದ್ದದ್ದನ್ನು ಹೇಳಿದ ಹಾಗೆ ಹೇಳಿ, ಬಂದ ದಾರಿಯಲ್ಲೇ ತಿರುಗಿದರು.

ನಾನು ಬಸ್ಸು ಹತ್ತಿಕೊಂಡು ಮನೆಗೆ ಬಂದೆ.

ಆ ಮೇಲೆ ಹುಡುಗಿಯ ಅಪ್ಪನಿಗೆ ಎರಡು ಸಲ ಫೋನು ಮಾಡಿದೆ. ಮೊದಲ ಸಲ ಎತ್ತಿ ನನ್ನ ಧ್ವನಿ ಕೇಳಿ ಇಟ್ಟರು. ಎರಡನೇ ಸಲ ಎತ್ತಲಿಲ್ಲ. ಅಜ್ಜಿ ಹೇಳಿದ್ದನ್ನು ನಾನು ಹೇಳಿಬಿಟ್ಟರೆ ಅಜ್ಜಿಯ ಗತಿ ಏನು ಎಂದು ಹೆದರಿ ಮೂರನೇ ಸಲ ಮಾಡಲಿಲ್ಲ. ಶಾಲೆಯಲ್ಲಿ ಕೆಲಸ ಬಿಡಬೇಕೆಂದು ಅನ್ನಿಸಿದ ದಿನಗಳಿದ್ದವು. ಬಿಟ್ಟು ಏನು ಮಾಡುವುದು ಎಂದು ತಿಳಿಯದೆ ಉಳಿದೆ. ಈಗ ಭೂಪಟದ ಪಾಠ ಮಾಡುವಾಗ ಆ ಹಿಮದ ದ್ವೀಪ ಬಂದರೆ ಅಲ್ಲಿ ಮೀನು ಹಿಡಿಯುತ್ತಾರೆ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ. ಮಕ್ಕಳೂ ಕೇಳುವುದಿಲ್ಲ. ಈಗಿನ ತಂಡಕ್ಕೆ ಕುರಿ ಅಂಕಲ್ ಯಾರೆಂದು ಗೊತ್ತಿಲ್ಲ.

ಹೋದ ವರ್ಷದ ಕೊನೆಯಲ್ಲಿ ಅವಳನ್ನು ನೋಡಿದೆ. ಜಯನಗರ ಫೋರ್ತ್ ಬ್ಲಾಕಿನಲ್ಲಿ, ಬಟ್ಟೆ ಅಂಗಡಿಯೊಂದರ ಹೊರಗೆ, ಕೈಯಲ್ಲಿ ಚೀಲ ಹಿಡಿದು ನಿಂತಿದ್ದಳು. ಎತ್ತರವಾಗಿದ್ದಳು. ಎಣ್ಣೆ ಹಚ್ಚಿದ ಎರಡು ಜಡೆ. ಅತ್ತೆ ಒಳಗೆ ಬಿಲ್ಲು ಮಾಡಿಸುತ್ತಿದ್ದರು. ನಾನು ಹಾಗೇ ದಾಟಿ ಹೋಗಬೇಕೆಂದಿದ್ದೆ, ಅವಳೇ “ಮಿಸ್” ಎಂದಳು.

“ಹೇಗಿದೀಯಮ್ಮ?”

“ಚೆನ್ನಾಗಿದೀನಿ ಮಿಸ್. ಕ್ಲಾಸಿಗೆ ಸೆಕೆಂಡ್ ಬಂದೆ.”

“ಹಾಸ್ಟೆಲ್ ಇಷ್ಟವಾ?”

“ಊಂ.” ಅಂಗಡಿಯ ಕಡೆ ನೋಡಿದಳು. “ಮನೇಲಿ ಈಗ ಎಲ್ಲಾ ಸರಿ ಹೋಗಿದೆ ಮಿಸ್. ನಾನು ಅದೆಲ್ಲ ಮಾಡಲ್ಲ. ಅತ್ತೆ ಪಾಪ, ತುಂಬಾ ಅತ್ತರು ಆವಾಗ.”

ಅಜ್ಜಿ ಹೇಗಿದ್ದಾರೆ ಎಂದು ಕೇಳಿದೆ. ಶ್ರಾವಣದಲ್ಲಿ ಹೋದರು ಎಂದಳು. ಹಾಗಾದರೆ ಆ ಎಲೆಯ ವಿಷಯ ಇವಳಿಗೆ ತಿಳಿದೇ ಇಲ್ಲ. ಈಗ ಹೇಳಬೇಕು, ಇಲ್ಲೇ ಹೇಳಿಬಿಡಬೇಕು ಎಂದುಕೊಂಡು, “ನಿಮ್ಮಜ್ಜಿ ಒಂದು ದಿನ ನನ್ನ ಹತ್ರ...” ಎಂದು ಶುರು ಮಾಡಿದೆ.

ಅವಳು ಕೇಳಿಸಿಕೊಳ್ಳಲಿಲ್ಲ. ತುಂಬಾ ದಿನದಿಂದ ಯಾರಿಗಾದರೂ ಹೇಳಬೇಕೆಂದಿದ್ದವಳ ಹಾಗೆ, ಅವಸರದಲ್ಲಿ, ಸಣ್ಣ ದನಿಯಲ್ಲಿ ಹೇಳಿದಳು. “ಮಿಸ್, ಅಮ್ಮನ ವಾಯ್ಸ್ ಮರ್ತೋಗಿದೆ. ಹೆಂಗೆ ಕರೀತಿದ್ರು ಅಂತ ಎಷ್ಟು ಟ್ರೈ ಮಾಡಿದ್ರೂ ಬರ್ತಿಲ್ಲ. ಬೇರೆ ಯಾರದೋ ಥರ ಕೇಳುತ್ತೆ. ಏನ್ ಮಾಡ್ಬೇಕು ಮಿಸ್?”

ನಾನು ಅವಳ ಅಮ್ಮನನ್ನು ನೋಡಿದವಳಲ್ಲ, ಮಾತು ಕೇಳಿದವಳಲ್ಲ. ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ನನ್ನನ್ನು ನೋಡಿದರು, ಗುರುತು ಹಿಡಿದರು. ಅವಳ ಕೈಯಿಂದ ಚೀಲ ಇಸಿದುಕೊಂಡು, “ನಡಿ ಪುಟ್ಟ, ಹಸಿವಾಗಿರುತ್ತೆ ನಿಂಗೆ,” ಎಂದರು. ಇಬ್ಬರೂ ಜನರ ನಡುವೆ ಕಾಂಪ್ಲೆಕ್ಸಿನ ಕಡೆ ಹೋದರು. ಅವಳು ಅತ್ತೆಯ ಮೊಣಕೈ ಹಿಡಿದುಕೊಂಡಿದ್ದಳು.

ನಾನು ಅಲ್ಲೇ, ಆ ಅಂಗಡಿಯ ಮುಂದೆ, ತುಂಬಾ ಹೊತ್ತು ನಿಂತಿದ್ದೆ. ಒಳಗಿನ ಹುಡುಗ ಬಂದು, ಏನಾದ್ರೂ ಬೇಕಾ ಮೇಡಂ, ಒಳಗೆ ಬನ್ನಿ ಎಂದ. ಏನೂ ಬೇಡಪ್ಪ ಎಂದೆ.